ಕೆಮ್ಮಿದಾಗ ರಕ್ತ ಸುರಿದರೆ: ಯಾವ ಚಿಕಿತ್ಸೆ, ಯಾರಿಗೆ, ಯಾವ ಹೊತ್ತಿನಲ್ಲಿ?

ಕಫದಲ್ಲಿ ಒಂದೆರಡು ಗೆರೆ ರಕ್ತ ಕಾಣುವುದು ಬೇರೆ, ಕೆಮ್ಮಿದಾಗಲೆಲ್ಲ ಬಾಯಿ ತುಂಬ ಕೆಂಪು ರಕ್ತ ಬರುವುದು ಬೇರೆ. ಎರಡನೆಯದು ಹೆಚ್ಚಾಗಿ ಕಾಣುವುದು ಕ್ಷಯ ಅಥವಾ ಅದು ಬಿಟ್ಟುಹೋದ ಗಾಯ, ಬ್ರಾಂಕಿಯೆಕ್ಟಾಸಿಸ್ (ಶ್ವಾಸನಾಳದ ಕವಲುಗಳು ಶಾಶ್ವತವಾಗಿ ಹಿಗ್ಗುವ ಕಾಯಿಲೆ), ಹಳೆಯ ಕುಳಿಯೊಳಗೆ ಬೆಳೆದ ಶಿಲೀಂಧ್ರದ ಉಂಡೆ, ಶ್ವಾಸಕೋಶದ ಕ್ಯಾನ್ಸರ್, ಸಿಸ್ಟಿಕ್ ಫೈಬ್ರೋಸಿಸ್ (ಕಫ ಅಂಟಂಟಾಗುವ ಆನುವಂಶಿಕ ಕಾಯಿಲೆ) ಇರುವವರಲ್ಲಿ. ಚಿಕಿತ್ಸೆಯ ದಾರಿಗಳು ಹಲವು ಇವೆ. ತುರ್ತು ವಿಭಾಗ, ಐಸಿಯುಗಳಲ್ಲಿ ನಿರ್ಧಾರ ತೆಗೆದುಕೊಳ್ಳುವವರಿಗಾಗಿ ಅವುಗಳನ್ನು ಇಲ್ಲಿ ಒಂದರ ಪಕ್ಕ ಒಂದಿಟ್ಟು ನೋಡಿದ್ದೇವೆ. ರೋಗಿಯ ಮನೆಯವರಿಗೆ ಬೇಕಾದ ಮಾತು ಕೊನೆಯಲ್ಲಿದೆ.

ಈ ರೋಗಿಗಳು ಸಾಯುವುದು ಹೆಚ್ಚಾಗಿ ಮೈಯ ರಕ್ತ ಬಸಿದುಹೋಗಿ ಅಲ್ಲ, ಉಸಿರುಕಟ್ಟಿ. ಮೂಗು-ಬಾಯಿಯಿಂದ ಹಿಡಿದು ಸಣ್ಣ ಕವಲುಗಳವರೆಗೆ ಗಾಳಿ ಓಡಾಡುವ ಕೊಳವೆಗಳಲ್ಲಿ ವಯಸ್ಕರಿಗೆ ಇರುವ ಜಾಗ ಸುಮಾರು 150 ಮಿ.ಲೀ. ಅಷ್ಟೇ. ಅಷ್ಟು ರಕ್ತ ತಪ್ಪು ಜಾಗದಲ್ಲಿ ನಿಂತು ಹೆಪ್ಪುಗಟ್ಟಿದರೆ ಸಾಕು. ಹಾಗಾಗಿ ಎರಡು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಬೇಕು: ರಕ್ತ ಎಲ್ಲಿಗೆ ಹೋಗುತ್ತಿದೆ? ಅದು ಯಾವ ರಕ್ತನಾಳದಿಂದ ಬರುತ್ತಿದೆ? ಮೊದಲನೆಯದು ಒಳ್ಳೆಯ ಶ್ವಾಸಕೋಶವನ್ನು ಉಳಿಸುವ ಪ್ರಶ್ನೆ, ಎರಡನೆಯದು ರಕ್ತ ನಿಲ್ಲಿಸುವ ಪ್ರಶ್ನೆ. ಈ ಕ್ರಮ ತಲೆಕೆಳಗಾದಾಗಲೇ ಹೆಚ್ಚಿನ ಅನಾಹುತಗಳು ಆಗುತ್ತವೆ.

ಎಷ್ಟು ಬಂದರೆ ತೀವ್ರ?

ಪುಸ್ತಕಗಳಲ್ಲಿ 24 ಗಂಟೆಗೆ 100 ಮಿ.ಲೀ.ನಿಂದ 600 ಮಿ.ಲೀ. ದಾಟಿಯೂ ಬೇರೆ ಬೇರೆ ಗಡಿಗಳು ಸಿಗುತ್ತವೆ. ಅಳತೆ ಮುಖ್ಯ, ಆದರೆ ಅದೊಂದನ್ನೇ ನಂಬಬೇಡಿ. ರೋಗಿ ನುಂಗಿದ್ದು, ಶ್ವಾಸಕೋಶದೊಳಗೇ ಉಳಿದದ್ದು ಬಟ್ಟಲಲ್ಲಿ ಕಾಣುವುದಿಲ್ಲ. ಮೊದಲೇ ಅರ್ಧ ಶ್ವಾಸಕೋಶ ಕಳೆದುಕೊಂಡವರಿಗೆ 100 ಮಿ.ಲೀ. ಕೂಡ ಜಾಸ್ತಿಯೇ. ಆಮ್ಲಜನಕದ ಮಟ್ಟ ಇಳಿಯುವುದು, ಉಸಿರಿನ ವೇಗ ಏರುವುದು, ರಕ್ತದೊತ್ತಡ ಕುಸಿಯುವುದು, ಗಂಟೆಗೆ 100 ಮಿ.ಲೀ. ಮೀರುವುದು, ಕೆಮ್ಮುವ ಶಕ್ತಿ ಕುಂದುವುದು: ಇವುಗಳಲ್ಲಿ ಒಂದಿದ್ದರೂ ಪ್ರಾಣಾಪಾಯ ಎಂದೇ ಎಣಿಸಿ ಮುಂದುವರಿಯಬೇಕು.

ಇದು ಹೊಟ್ಟೆಯ ರಕ್ತ ಅಲ್ಲ ಎಂಬುದನ್ನೂ ಒಮ್ಮೆ ಖಚಿತಪಡಿಸಿಕೊಳ್ಳಿ. ಶ್ವಾಸಕೋಶದ ರಕ್ತ ಸಾಮಾನ್ಯವಾಗಿ ಹೊಳೆಯುವ ಕೆಂಪು, ನೊರೆನೊರೆ, ಕೆಮ್ಮಿನ ಜೊತೆ ಬರುತ್ತದೆ. ಹೊಟ್ಟೆಯದು ಕಪ್ಪು ಛಾಯೆಯದು, ಆಹಾರದ ಚೂರು ಬೆರೆತದ್ದು, ವಾಂತಿಯ ಜೊತೆ ಬರುವಂಥದ್ದು. ಮೂಗಿನ ಹಿಂಭಾಗದಿಂದ ಸೋರಿದ ರಕ್ತವೂ ಕೆಮ್ಮಿನಲ್ಲಿ ಬಂದು ದಾರಿ ತಪ್ಪಿಸುತ್ತದೆ.

ಮೊದಲ ಹತ್ತು ನಿಮಿಷ: ಮಗ್ಗುಲು ಮತ್ತು ಟ್ಯೂಬು

ರಕ್ತ ಬರುವ ಬದಿ ಗೊತ್ತಿದ್ದರೆ ಆ ಬದಿ ಕೆಳಗಾಗುವಂತೆ ಮಲಗಿಸಿ. ಬಲಗಡೆ ಸೋರುತ್ತಿದ್ದರೆ ಬಲ ಮಗ್ಗುಲು. ಇದಕ್ಕೆ ಯಾವ ಉಪಕರಣವೂ ಬೇಡ, ಆದರೂ ಅವಸರದಲ್ಲಿ ಮರೆತುಹೋಗುವುದು ಇದೇ. ಬದಿ ಗೊತ್ತಿಲ್ಲದಿದ್ದರೆ ರೋಗಿಗೆ ಹಾಯೆನಿಸುವ ಹಾಗೆ, ತಲೆಯ ಭಾಗ ಎತ್ತರಿಸಿ ಕೂರಿಸಿ. ಅಂಗಾತ ಮಲಗಿಸಿದರೆ ರಕ್ತ ಎರಡೂ ಕಡೆಗೆ ಹರಿಯುತ್ತದೆ.

ಎಚ್ಚರವಿದ್ದು, ಜೋರಾಗಿ ಕೆಮ್ಮಿ ಉಗುಳುತ್ತಿರುವ, ಆಮ್ಲಜನಕದ ಮಟ್ಟ ಉಳಿಸಿಕೊಂಡಿರುವ ರೋಗಿಗೆ ಟ್ಯೂಬ್ (ಗಂಟಲ ಮೂಲಕ ಶ್ವಾಸನಾಳಕ್ಕಿಳಿಸುವ ಉಸಿರಾಟದ ಕೊಳವೆ) ಹಾಕಲು ಆತುರಪಡಬೇಡಿ. ಅವರ ಕೆಮ್ಮಿನಷ್ಟು ಚೆನ್ನಾಗಿ ಹೊರಹಾಕುವ ಸಕ್ಷನ್ (ಹೀರುವ) ಯಂತ್ರವಿಲ್ಲ. ಕೆಮ್ಮು ಅಡಗಿಸಲೆಂದು ಮಂಪರು ಬರಿಸುವ ಔಷಧ ಕೊಡುವುದು ದೊಡ್ಡ ತಪ್ಪು. ಒತ್ತಡದಿಂದ ಗಾಳಿ ತಳ್ಳುವ ಬೈಪ್ಯಾಪ್ ಮಾಸ್ಕ್ ಕೂಡ ಬೇಡ. ಅದು ಉಗುಳುವ ದಾರಿಯನ್ನು ಮುಚ್ಚಿ, ರಕ್ತವನ್ನು ಆಳಕ್ಕೆ ತಳ್ಳುತ್ತದೆ. ಕೆಮ್ಮು ಸೋತಾಗ, ಪ್ರಜ್ಞೆ ಮಸುಕಾದಾಗ, ಆಮ್ಲಜನಕ ಕೊಟ್ಟರೂ ಮಟ್ಟ ಏರದಿದ್ದಾಗ ಮಾತ್ರ ತಡಮಾಡದೆ ಟ್ಯೂಬ್. ಹಾಕುವವರು ಅಲ್ಲಿರುವವರಲ್ಲೇ ಹೆಚ್ಚು ಅನುಭವಿಗಳಾಗಿರಲಿ, ಎರಡು ಸಕ್ಷನ್ ಕೊಳವೆ ಸಿದ್ಧವಿರಲಿ. ರಕ್ತ ತುಂಬಿದ ಗಂಟಲಲ್ಲಿ ವಿಡಿಯೋ ಲ್ಯಾರಿಂಗೋಸ್ಕೋಪಿನ (ಟ್ಯೂಬ್ ಹಾಕುವ ದಾರಿ ತೋರಿಸುವ ಉಪಕರಣದ) ಕ್ಯಾಮೆರಾ ಮಸುಕಾಗುವುದುಂಟು. ಸಾದಾ ಬ್ಲೇಡೂ ಕೈಗೆಟುಕುವಂತಿರಲಿ.

ಟ್ಯೂಬ್‌ನಲ್ಲಿ ಮೂರು ಆಯ್ಕೆ.

ಮೊದಲನೆಯದು ಒಂದೇ ಕೊಳವೆಯ ದೊಡ್ಡ ಟ್ಯೂಬ್, 8 ಅಥವಾ 8.5 ಮಿ.ಮೀ.ನದು. ನಮ್ಮ ಮೊದಲ ಆಯ್ಕೆ ಬಹುಪಾಲು ಸಂದರ್ಭಗಳಲ್ಲಿ ಇದೇ. ಚಿಕಿತ್ಸೆಗೆ ಬಳಸುವ ಬ್ರಾಂಕೋಸ್ಕೋಪಿನ (ಶ್ವಾಸನಾಳದ ಒಳಗೆ ನೋಡುವ ಕೊಳವೆಯ) ಹೊರವ್ಯಾಸ ಸುಮಾರು 6 ಮಿ.ಮೀ. 7ರ ಟ್ಯೂಬಿನಲ್ಲಿ ಅದನ್ನು ತೂರಿಸಿದರೆ ಗಾಳಿಗೆ ಜಾಗವೇ ಉಳಿಯುವುದಿಲ್ಲ. ರಕ್ತ ನಿಲ್ಲದಿದ್ದರೆ ಇದೇ ಟ್ಯೂಬನ್ನು ಒಳ್ಳೆಯ ಬದಿಯ ಮುಖ್ಯ ನಾಳಕ್ಕೆ ಇಳಿಸಿ ಆ ಶ್ವಾಸಕೋಶವನ್ನಷ್ಟೇ ಉಸಿರಾಡಿಸಬಹುದು. ಬಲದಿಂದ ರಕ್ತ ಬರುತ್ತಿದ್ದರೆ ಎಡಕ್ಕೆ ಇಳಿಸುವುದು ಒಳ್ಳೆಯ ಉಪಾಯ. ಎಡ ಮುಖ್ಯ ನಾಳ ಸುಮಾರು 5 ಸೆಂ.ಮೀ. ಉದ್ದವಿರುವುದರಿಂದ ಟ್ಯೂಬ್ ಭದ್ರವಾಗಿ ಕೂರುತ್ತದೆ. ಆದರೆ ಅದರ ತಿರುವು ಹೆಚ್ಚು, ಕುರುಡಾಗಿ ತಳ್ಳಿದರೆ ಟ್ಯೂಬ್ ಬಲಕ್ಕೇ ಹೋಗುತ್ತದೆ. ಆದ್ದರಿಂದ ಬ್ರಾಂಕೋಸ್ಕೋಪಿನ ಮೇಲೆ ಜಾರಿಸಿ. ಅದು ಸಿಗದಿದ್ದರೆ ಟ್ಯೂಬನ್ನು ಅಪ್ರದಕ್ಷಿಣವಾಗಿ 90 ಡಿಗ್ರಿ ತಿರುಗಿಸಿ, ತಲೆಯನ್ನು ಬಲಕ್ಕೆ ಹೊರಳಿಸಿ ಇಳಿಸಿ ನೋಡಿ. ಎಡದಿಂದ ರಕ್ತ ಬರುತ್ತಿದ್ದಾಗ ಬಲಕ್ಕೆ ಇಳಿಸುವುದು ಸುಲಭವಾದರೂ ಒಂದು ತೊಡಕಿದೆ. ಬಲ ಮೇಲ್ಹಾಲೆಯ (ಶ್ವಾಸಕೋಶದ ಮೇಲಿನ ಭಾಗದ) ನಾಳ ಕವಲಿನಿಂದ 2 ಸೆಂ.ಮೀ. ಆಸುಪಾಸಿನಲ್ಲೇ ಒಡೆಯುತ್ತದೆ, ಟ್ಯೂಬಿನ ತುದಿಯ ಬಲೂನು (ಕಫ್) ಅದನ್ನು ಮುಚ್ಚಿಬಿಡುತ್ತದೆ. ಉಳಿಯುವುದು ಬಲದ ಮಧ್ಯ ಮತ್ತು ಕೆಳ ಹಾಲೆಗಳಷ್ಟೇ. ಅಂಥವರಲ್ಲಿ ಟ್ಯೂಬನ್ನು ಕವಲಿನ ಮೇಲಿನ ಮುಖ್ಯ ಶ್ವಾಸನಾಳದಲ್ಲೇ (ಟ್ರೇಕಿಯಾ) ಬಿಟ್ಟು ಎಡಕ್ಕೆ ಬ್ಲಾಕರ್ ಹಾಕುವುದು ಲೇಸು.

ಎರಡನೆಯದು ಆ ಬ್ಲಾಕರ್. ತುದಿಯಲ್ಲಿ ಬಲೂನ್ ಇರುವ ತೆಳು ಕೊಳವೆಯನ್ನು ಬ್ರಾಂಕೋಸ್ಕೋಪಿನಲ್ಲಿ ನೋಡುತ್ತಾ ರಕ್ತ ಬರುವ ನಾಳದೊಳಗಿಟ್ಟು ಉಬ್ಬಿಸುವುದು. ಹಾಲೆಯೊಂದನ್ನಷ್ಟೇ ಮುಚ್ಚಲೂ ಬರುತ್ತದೆ. ಸಾಮಾನ್ಯವಾಗಿ 24ರಿಂದ 48 ಗಂಟೆ ಇಡುತ್ತಾರೆ. ನಾಳದ ಒಳಪೊರೆಗೆ ರಕ್ತ ಸಿಗದೆ ಹುಣ್ಣಾಗದಂತೆ ನಡುನಡುವೆ ನೋಡಿಕೊಂಡು ಗಾಳಿ ಇಳಿಸಬೇಕು. ಇದರ ದೊಡ್ಡ ಅಪಾಯ ಜಾರುವುದು. ರೋಗಿ ಕೆಮ್ಮಿದಾಗಲೋ ಮಗ್ಗುಲು ಬದಲಿಸಿದಾಗಲೋ ಬಲೂನ್ ಮುಖ್ಯ ಶ್ವಾಸನಾಳಕ್ಕೆ ಬಂದು ಕೂತರೆ ಎರಡೂ ಶ್ವಾಸಕೋಶ ಒಟ್ಟಿಗೆ ಮುಚ್ಚುತ್ತವೆ. ವೆಂಟಿಲೇಟರ್ ಒತ್ತಡ ದಿಢೀರನೆ ಏರಿ, ಎರಡೂ ಕಡೆ ಉಸಿರಿನ ಸದ್ದು ಇಲ್ಲವಾದರೆ ಮೊದಲು ಬಲೂನಿನ ಗಾಳಿ ತೆಗೆಯಿರಿ, ಕಾರಣ ಆಮೇಲೆ ಹುಡುಕಿ. ಹಾಸಿಗೆಯ ಪಕ್ಕ ಇರುವ ದಾದಿಯರಿಗೆ ಈ ಒಂದು ಸಾಲನ್ನು ಬರೆದು ಅಂಟಿಸಿಡಿ.

ಮೂರನೆಯದು ಎರಡು ಕೊಳವೆಯ ಟ್ಯೂಬ್. ಚಿತ್ರದಲ್ಲಿ ನೋಡಿದರೆ ಇದಕ್ಕಿಂತ ಸೊಗಸಾದದ್ದಿಲ್ಲ, ಎರಡೂ ಶ್ವಾಸಕೋಶ ಪೂರ್ತಿ ಬೇರೆಬೇರೆ. ಆದರೆ ರಕ್ತ ಉಕ್ಕುತ್ತಿರುವ ಗಂಟಲಲ್ಲಿ ಅದನ್ನು ಸರಿಯಾಗಿ ಕೂರಿಸುವುದು ಕಷ್ಟ. ಕೊಳವೆಗಳು ಕಿರಿದಾದ್ದರಿಂದ ಹೆಪ್ಪು ಸಿಕ್ಕಿಕೊಳ್ಳುತ್ತದೆ, ಸಣ್ಣ ಬ್ರಾಂಕೋಸ್ಕೋಪ್ ಬಿಟ್ಟರೆ ಬೇರೆ ಯಾವುದೂ ಒಳಹೋಗದು. ಎದೆ ಶಸ್ತ್ರಚಿಕಿತ್ಸೆಗೆ ದಿನವೂ ಇದನ್ನು ಬಳಸುವ ಅರಿವಳಿಕೆ ತಜ್ಞರು ಪಕ್ಕದಲ್ಲಿದ್ದರೆ ಮಾತ್ರ ಇದನ್ನು ಆರಿಸಿಕೊಳ್ಳಿ.

ಔಷಧಗಳು: ಸಮಯ ಕೊಳ್ಳುವುದಕ್ಕೆ

ಟ್ರಾನೆಕ್ಸಾಮಿಕ್ ಆಮ್ಲ ರಕ್ತದ ಹೆಪ್ಪು ಕರಗದಂತೆ ತಡೆಯುತ್ತದೆ. ನೆಬ್ಯುಲೈಸರ್‌ನಲ್ಲಿ 500 ಮಿ.ಗ್ರಾಂ. ದಿನಕ್ಕೆ 3 ಸಲ, ಇಲ್ಲವೇ ರಕ್ತನಾಳಕ್ಕೆ 1 ಗ್ರಾಂ ಅನ್ನು 10 ನಿಮಿಷಗಳಲ್ಲಿ. ನೆಬ್ಯುಲೈಸರ್ ವಿಧಾನಕ್ಕೆ ಒಳ್ಳೆಯ ಪುರಾವೆ ಇರುವುದು ತೀವ್ರವಲ್ಲದ ರಕ್ತಸ್ರಾವದಲ್ಲಿ. ಸುರಿಯುತ್ತಿರುವ ರಕ್ತವನ್ನು ಇದೊಂದೇ ನಿಲ್ಲಿಸೀತೆಂದು ಕಾಯುತ್ತಾ ಕೂರಬಾರದು. ಕೊಡಿ, ಕೊಟ್ಟು ಮುಂದಿನ ಕೆಲಸ ನಡೆಸಿ. ಮೂತ್ರಪಿಂಡ ಸೋತವರಲ್ಲಿ ಪ್ರಮಾಣ ತಗ್ಗಿಸದಿದ್ದರೆ ಅಪಸ್ಮಾರ ಬರಬಹುದು. ನೆಬ್ಯುಲೈಸರ್‌ನಲ್ಲಿ ಕೆಲವರಿಗೆ ಶ್ವಾಸನಾಳ ಬಿಗಿಯುತ್ತದೆ. ರಕ್ತಕ್ಕೆ ಕಾರಣ ಶ್ವಾಸಕೋಶದ ಅಪಧಮನಿಯಲ್ಲಿ ಸಿಕ್ಕಿಕೊಂಡ ಹೆಪ್ಪೇ ಆಗಿದ್ದರೆ ಈ ಔಷಧ ತಿರುಗಿ ಬೀಳುತ್ತದೆ.

ರಕ್ತ ತೆಳುಮಾಡುವ ಔಷಧ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೇಳದೆ ಬಿಡಬೇಡಿ. ವಾರ್ಫರಿನ್‌ಗೆ ವಿಟಮಿನ್ ಕೆ 10 ಮಿ.ಗ್ರಾಂ. ನಿಧಾನವಾಗಿ, ಜೊತೆಗೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ನೋಡಿಕೊಂಡು ಪ್ರೋಥ್ರಾಂಬಿನ್ ಕಾಂಪ್ಲೆಕ್ಸ್ ಕೆ.ಜಿ.ಗೆ 25ರಿಂದ 50 ಯೂನಿಟ್. ಹೆಪಾರಿನ್‌ಗೆ ಪ್ರೋಟಮಿನ್, ಪ್ರತಿ 100 ಯೂನಿಟ್‌ಗೆ 1 ಮಿ.ಗ್ರಾಂ. ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿದ್ದರೆ ಏರಿಸಿ.

ವಾಸೋಪ್ರೆಸಿನ್, ಟರ್ಲಿಪ್ರೆಸಿನ್ ರಕ್ತನಾಳಗಳನ್ನು ಬಿಗಿಹಿಡಿಯುತ್ತವೆ. ಆದರೆ ಹೃದಯದ ನಾಳಗಳನ್ನೂ ಬಿಗಿಯುತ್ತವೆ. ಇನ್ನೊಂದು ತೊಂದರೆ ಹಲವರ ಗಮನಕ್ಕೆ ಬರುವುದಿಲ್ಲ: ಬ್ರಾಂಕಿಯಲ್ ಅಪಧಮನಿ (ಶ್ವಾಸನಾಳಗಳಿಗೆ ರಕ್ತ ಕೊಡುವ ನಾಳ) ಕುಗ್ಗಿಹೋದರೆ ಮುಂದೆ ಎಂಬೊಲೈಸೇಶನ್ (ನಾಳವನ್ನು ಒಳಗಿಂದ ಮುಚ್ಚುವುದು) ಮಾಡುವವರಿಗೆ ಅದನ್ನು ಹುಡುಕಿ ಕ್ಯಾತಿಟರ್ (ತೆಳು ಕೊಳವೆ) ತೂರಿಸುವುದು ಕಷ್ಟವಾಗುತ್ತದೆ. ಆ ಸೌಲಭ್ಯ ಸಿಗುವಂತಿದ್ದರೆ ಇವನ್ನು ಕೊಡದಿರುವುದೇ ಮೇಲು.

ಜಾಗ ಹುಡುಕಲು: ಸಿಟಿಯೋ, ಬ್ರಾಂಕೋಸ್ಕೋಪಿಯೋ?

ರೋಗಿ ಸಿಟಿ ಮೇಜಿನ ಮೇಲೆ ಕೆಲವು ನಿಮಿಷ ಮಲಗಿರಬಲ್ಲರಾದರೆ ಕಾಂಟ್ರಾಸ್ಟ್ (ರಕ್ತನಾಳ ಎದ್ದು ಕಾಣಿಸುವ ದ್ರವ) ಕೊಟ್ಟ ಸಿಟಿ ಆಂಜಿಯೋಗ್ರಾಂ ಮೊದಲು. ಅದು ಬದಿ, ಕಾರಣ, ರಕ್ತನಾಳ ಮೂರನ್ನೂ ತೋರಿಸಬಲ್ಲದು. ಬ್ರಾಂಕೋಸ್ಕೋಪಿ ತೋರಿಸುವುದು ಯಾವ ಕವಲಿನಿಂದ ರಕ್ತ ಬರುತ್ತಿದೆ ಎಂಬುದನ್ನಷ್ಟೇ. ರಕ್ತನಾಳ ಅದಕ್ಕೆ ಕಾಣುವುದಿಲ್ಲ. ಮಲಗಲಾಗದ, ಟ್ಯೂಬ್ ಹಾಕಿಸಿಕೊಂಡ, ಸಾಗಿಸಲಾಗದ ರೋಗಿಗೆ ಮಾತ್ರ ಹಾಸಿಗೆಯ ಪಕ್ಕದಲ್ಲೇ ಬ್ರಾಂಕೋಸ್ಕೋಪಿ ಮೊದಲಾಗುತ್ತದೆ.

ಸಿಟಿ ಕೇಳುವಾಗ ಆಗುವ ಒಂದು ತಪ್ಪಿದೆ. ಶ್ವಾಸಕೋಶದ ಹೆಪ್ಪು ಹುಡುಕುವ ಸಿಟಿಯೆಂದು ಬರೆದುಕೊಟ್ಟರೆ ಕಾಂಟ್ರಾಸ್ಟ್ ಶ್ವಾಸಕೋಶದ ಅಪಧಮನಿಯಲ್ಲಿರುವ ಗಳಿಗೆಗೆ ಚಿತ್ರ ತೆಗೆಯುತ್ತಾರೆ, ಮಹಾಪಧಮನಿ ಇನ್ನೂ ತುಂಬಿರುವುದಿಲ್ಲ, ಬ್ರಾಂಕಿಯಲ್ ಅಪಧಮನಿ ಕಾಣುವುದೇ ಇಲ್ಲ. ಮಹಾಪಧಮನಿ ತುಂಬಿದ ಹೊತ್ತಿನ ಚಿತ್ರ ಬೇಕು, ಕತ್ತಿನ ಬುಡದಿಂದ ಹೊಟ್ಟೆಯ ಮೇಲ್ಭಾಗದವರೆಗೆ ಬೇಕು ಎಂದು ಸ್ಪಷ್ಟವಾಗಿ ಬರೆಯಿರಿ. ಬ್ರಾಂಕಿಯಲ್ ಅಪಧಮನಿ 2 ಮಿ.ಮೀ.ಗಿಂತ ದಪ್ಪವಿದ್ದರೆ ಅದು ಸಹಜವಲ್ಲ.

ರಕ್ತನಾಳವೇ ಚಿಕಿತ್ಸೆಯನ್ನು ಆರಿಸುತ್ತದೆ

ಶ್ವಾಸಕೋಶಕ್ಕೆ ಎರಡು ಕಡೆಯಿಂದ ರಕ್ತ ಬರುತ್ತದೆ. ಹೃದಯದ ಬಲಭಾಗದಿಂದ ಬರುವ ಶ್ವಾಸಕೋಶದ ಅಪಧಮನಿಯಲ್ಲಿ ರಕ್ತ ಹೆಚ್ಚು, ಒತ್ತಡ ಕಡಿಮೆ. ಎದೆಯ ಮಹಾಪಧಮನಿಯಿಂದ, ಸಾಮಾನ್ಯವಾಗಿ 5 ಮತ್ತು 6ನೇ ಎದೆ ಕಶೇರುಗಳ ಮಟ್ಟದಲ್ಲಿ ಹೊರಡುವ ಬ್ರಾಂಕಿಯಲ್ ಅಪಧಮನಿಗಳಲ್ಲಿ ರಕ್ತ ಅತ್ಯಲ್ಪ, ಒತ್ತಡ ಮಾತ್ರ ಇಡೀ ದೇಹದ್ದು. ವರ್ಷಗಟ್ಟಲೆ ಉರಿಯೂತವಿದ್ದ ಜಾಗದಲ್ಲಿ ಈ ಸಣ್ಣ ನಾಳಗಳು ದಪ್ಪಗಾಗಿ, ಸುರುಳಿ ಸುತ್ತಿ, ಗೋಡೆ ತೆಳುವಾಗಿ ಒಡೆಯುತ್ತವೆ. ತೀವ್ರ ರಕ್ತಸ್ರಾವದಲ್ಲಿ ಸುಮಾರು 90 ಶೇಕಡಾ ಇಲ್ಲಿಂದಲೇ. ಶ್ವಾಸಕೋಶದ ಅಪಧಮನಿಯ ಪಾಲು ಸುಮಾರು 5 ಶೇಕಡಾ. ಮುಂದಿನ ಹೋಲಿಕೆ ನಿಂತಿರುವುದು ಇದರ ಮೇಲೆ.

ಬ್ರಾಂಕಿಯಲ್ ಅಪಧಮನಿ ಎಂಬೊಲೈಸೇಶನ್ ಎಂದರೆ ತೊಡೆಸಂದಿನ ಅಪಧಮನಿಯಿಂದ ಕ್ಯಾತಿಟರ್ ಏರಿಸಿ, ಒಡೆದ ನಾಳವನ್ನು ಒಳಗಿಂದಲೇ ಮುಚ್ಚುವುದು. 1970ರ ದಶಕದ ಆರಂಭದಲ್ಲಿ ಫ್ರಾನ್ಸಿನ ಜಾಕ್ ರೆಮಿ ಇದನ್ನು ವಿವರಿಸಿದರು. ಹೆಚ್ಚಿನ ರೋಗಿಗಳಿಗೆ ಇಂದು ಇದೇ ಮೊದಲ ಆಯ್ಕೆ, ನಾವೂ ಅದನ್ನೇ ಹೇಳುತ್ತೇವೆ. ಪೂರ್ಣ ಅರಿವಳಿಕೆ ಬೇಕಾಗದಿರಬಹುದು, ಎರಡೂ ಬದಿ ಕಾಯಿಲೆಯಿದ್ದವರಿಗೂ ಮಾಡಬಹುದು, ಶ್ವಾಸಕೋಶದ ಚೂರನ್ನೂ ಕಳೆದುಕೊಳ್ಳಬೇಕಿಲ್ಲ. ರಕ್ತ ಕೂಡಲೇ ನಿಲ್ಲುವ ಪ್ರಮಾಣ ಬೇರೆ ಬೇರೆ ವರದಿಗಳಲ್ಲಿ 70ರಿಂದ 99 ಶೇಕಡಾ.

ಆಂಜಿಯೋಗ್ರಾಂನಲ್ಲಿ ಕಾಂಟ್ರಾಸ್ಟ್ ಹೊರಗೆ ಸೋರುವುದು ಅಪರೂಪಕ್ಕೆ ಕಾಣುತ್ತದೆ. ಸೋರಿಕೆ ಕಾಣಲಿಲ್ಲವೆಂದು ಕೈಬಿಡಬಾರದು, ದಪ್ಪಗಾಗಿ ಸುರುಳಿ ಸುತ್ತಿದ ನಾಳವನ್ನೇ ಮುಚ್ಚಬೇಕು. ಯಾವುದರಿಂದ ಮುಚ್ಚುತ್ತೇವೆ ಎಂಬುದೂ ಮುಖ್ಯ. ಪಾಲಿವಿನೈಲ್ ಆಲ್ಕೋಹಾಲ್ ಕಣಗಳು 300–500 ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡವಿರಲಿ. ಅದಕ್ಕಿಂತ ಸಣ್ಣವು ಬ್ರಾಂಕಿಯಲ್ ಮತ್ತು ಶ್ವಾಸಕೋಶದ ನಾಳಗಳ ನಡುವಿನ ಕೂಡುದಾರಿಗಳಲ್ಲಿ ನುಸುಳಿ ಮೆದುಳಿನವರೆಗೂ ಹೋಗಬಹುದು, ಇಲ್ಲವೇ ತುದಿಯ ನಾಳಗಳನ್ನು ಮುಚ್ಚಿ ಅಂಗಾಂಶ ಕೊಳೆಯುವಂತೆ ಮಾಡಬಹುದು. ಜೆಲಟಿನ್ ಸ್ಪಂಜು ಕೆಲವು ವಾರಗಳಲ್ಲಿ ಕರಗಿ ನಾಳ ಮತ್ತೆ ತೆರೆದುಕೊಳ್ಳುತ್ತದೆ. ಅಂಟು ಬೇಗ ಹಿಡಿಯುತ್ತದೆ, ಬಾಳುತ್ತದೆ, ಆದರೆ ಪಳಗಿದ ಕೈ ಬೇಕು. ಕಾಯಿಲ್ (ಲೋಹದ ಸಣ್ಣ ಸುರುಳಿ) ಅನ್ನು ಬ್ರಾಂಕಿಯಲ್ ಅಪಧಮನಿಯ ಬಾಯಲ್ಲಿ ಹಾಕಿದರೆ ಇವತ್ತಿಗೆ ರಕ್ತ ನಿಂತೀತು. ಆರು ತಿಂಗಳ ಮೇಲೆ ಅದೇ ನಾಳ ಆಚೆಯಿಂದ ಕವಲೊಡೆದು ರಕ್ತ ಬಂದಾಗ ಒಳಹೋಗುವ ದಾರಿಯೇ ಮುಚ್ಚಿರುತ್ತದೆ. ಬ್ರಾಂಕಿಯೆಕ್ಟಾಸಿಸ್‌ನಂಥ ಜೀವನಪೂರ್ತಿಯ ಕಾಯಿಲೆಯಲ್ಲಿ ಈ ದಾರಿಯನ್ನು ಉಳಿಸಿಕೊಳ್ಳಲೇಬೇಕು.

ಭಯಪಡಬೇಕಾದ ತೊಡಕು ಬೆನ್ನುಹುರಿಯದು. ಕೆಲವರಲ್ಲಿ ಬೆನ್ನುಹುರಿಗೆ ರಕ್ತ ಕೊಡುವ ಕವಲು ಇದೇ ಬ್ರಾಂಕಿಯಲ್ ಅಥವಾ ಪಕ್ಕೆಲುಬಿನ ನಾಳದಿಂದ ಹೊರಡುತ್ತದೆ. ಕಣ ಅಲ್ಲಿಗೆ ಹೋದರೆ ಕಾಲುಗಳ ಬಲ ಹೋಗುತ್ತದೆ. ಹೇರ್‌ಪಿನ್ ಆಕಾರದ ಆ ಕವಲು ಕಂಡರೆ ಮೈಕ್ರೋ ಕ್ಯಾತಿಟರನ್ನು ಅದರಿಂದ ಸಾಕಷ್ಟು ಮುಂದೆ ಒಯ್ದು ಮುಚ್ಚಬೇಕು, ಆಗದಿದ್ದರೆ ಬಿಡಬೇಕು. ಇದು ಅಪರೂಪವೇ, ಆದರೂ ಚಿಕಿತ್ಸೆಗೆ ಮೊದಲು ಮತ್ತು ನಂತರ ಕಾಲುಗಳ ಬಲ ಪರೀಕ್ಷಿಸಿ ಬರೆದಿಡಿ. ಎದೆನೋವು, ನುಂಗುವಾಗ ನೋವು ಸಾಮಾನ್ಯ, ಕೆಲವು ದಿನಗಳಲ್ಲಿ ತಗ್ಗುತ್ತವೆ.

ಈ ವಿಧಾನದ ದೌರ್ಬಲ್ಯ ಮರುಕಳಿಕೆ. ವರದಿಗಳಲ್ಲಿ ಇದು 10ರಿಂದ 57 ಶೇಕಡಾ. ಕೆಲವೇ ವಾರಗಳಲ್ಲಿ ಮರುಕಳಿಸಿದರೆ ಯಾವುದೋ ನಾಳ ತಪ್ಪಿಹೋಗಿದೆ ಎಂದೇ ಭಾವಿಸಿ. ಶ್ವಾಸಕೋಶದ ಹೊದಿಕೆ ದಪ್ಪಗಾಗಿರುವ ಕಡೆ ಪಕ್ಕೆಲುಬಿನ ನಾಳ, ಎದೆಗೂಡಿನ ಒಳಗೋಡೆಯ ನಾಳ, ವಪೆಯ ನಾಳಗಳೂ ಶ್ವಾಸಕೋಶದೊಳಗೆ ನುಗ್ಗಿರುತ್ತವೆ. ತಿಂಗಳು, ವರ್ಷಗಳ ಮೇಲೆ ಮರುಕಳಿಸಿದರೆ ಮುಚ್ಚಿದ ನಾಳ ತೆರೆದಿದೆ ಅಥವಾ ಕಾಯಿಲೆ ಮುಂದುವರಿದಿದೆ. ಎರಡಕ್ಕೂ ಇನ್ನೊಮ್ಮೆ ಎಂಬೊಲೈಸೇಶನ್ ಮಾಡಬಹುದು. ಶಿಲೀಂಧ್ರದ ಉಂಡೆ ಇರುವವರಲ್ಲಿ ಮರುಕಳಿಕೆ ಹೆಚ್ಚು.

ಎಲ್ಲ ಸರಿಯಾಗಿ ಮುಚ್ಚಿದ ಮೇಲೂ ರಕ್ತ ನಿಲ್ಲದಿದ್ದರೆ ಆ 5 ಶೇಕಡಾ ನೆನಪಾಗಲಿ. ಕ್ಷಯದ ಕುಳಿಯ ಗೋಡೆಯಲ್ಲಿ ಶ್ವಾಸಕೋಶದ ಅಪಧಮನಿ ಉಬ್ಬಿ ಒಡೆಯುವುದಕ್ಕೆ ರಾಸ್ಮುಸನ್ ಅನ್ಯೂರಿಸಂ ಎನ್ನುತ್ತಾರೆ. ಮಹಾಪಧಮನಿಯ ಕಡೆಯಿಂದ ಎಷ್ಟು ಮುಚ್ಚಿದರೂ ಅದಕ್ಕೆ ಪ್ರಯೋಜನವಿಲ್ಲ. ತೊಡೆಯ ಅಭಿಧಮನಿಯಿಂದ ಹೃದಯದ ಬಲಭಾಗದ ಮೂಲಕ ಹೋಗಿ ಕಾಯಿಲ್ ಅಥವಾ ಪ್ಲಗ್ ಹಾಕಬೇಕು. ಇಲ್ಲಿ ಕಾಯಿಲ್‌ಗೆ ಆಕ್ಷೇಪವಿಲ್ಲ. ಹುಟ್ಟಿನಿಂದ ಬಂದ ಅಪಧಮನಿ-ಅಭಿಧಮನಿ ಗಂಟಿಗೂ ಇದೇ ದಾರಿ.

ಬ್ರಾಂಕೋಸ್ಕೋಪಿ: ಸೇತುವೆ

4 ಡಿಗ್ರಿಗೆ ತಣಿಸಿದ ಸಲೈನನ್ನು 50 ಮಿ.ಲೀ.ನಂತೆ ಬಿಟ್ಟು ಹೀರುವುದು, ತೆಳುಗೊಳಿಸಿದ ಅಡ್ರಿನಲಿನ್ ಹಾಕುವುದು, ಬಲೂನ್ ಕೂರಿಸುವುದು: ಇವೆಲ್ಲ ಎಂಬೊಲೈಸೇಶನ್ ಕೋಣೆ ಸಿದ್ಧವಾಗುವವರೆಗೆ ರೋಗಿಯನ್ನು ಉಳಿಸುತ್ತವೆ. ನೇರವಾಗಿ ಕಣ್ಣಿಗೆ ಕಾಣುವ ಗಡ್ಡೆಯಿಂದ ರಕ್ತ ಬರುತ್ತಿದ್ದರೆ ಮಾತ್ರ ಲೇಸರ್ ಅಥವಾ ಆರ್ಗಾನ್ ಪ್ಲಾಸ್ಮಾದಿಂದ ಸುಟ್ಟು ನಿಲ್ಲಿಸಬಹುದು. ಆಗ ಆಮ್ಲಜನಕ 40 ಶೇಕಡಾಕ್ಕಿಂತ ಕಡಿಮೆಯಿರಬೇಕು, ಇಲ್ಲದಿದ್ದರೆ ಶ್ವಾಸನಾಳದೊಳಗೇ ಬೆಂಕಿ ಹತ್ತುತ್ತದೆ. ಧಾರೆಯಾಗಿ ಬರುವ ರಕ್ತಕ್ಕೆ ಬಾಗುವ ಬ್ರಾಂಕೋಸ್ಕೋಪಿಗಿಂತ ಗಟ್ಟಿ ಬ್ರಾಂಕೋಸ್ಕೋಪ್ ಮೇಲು. ದೊಡ್ಡ ಸಕ್ಷನ್ ಹೋಗುತ್ತದೆ, ಅದರ ಮೂಲಕವೇ ಉಸಿರಾಡಿಸಬಹುದು. ಆದರೆ ಪೂರ್ಣ ಅರಿವಳಿಕೆ ಬೇಕು, ಮೇಲ್ಹಾಲೆಗಳ ಒಳಕ್ಕೆ ಅದು ಬಾಗಿ ಹೋಗದು.

ಹೆಪ್ಪಿನ ವಿಷಯದಲ್ಲಿ ವಿವೇಚನೆ ಬೇಕು. ಒಳ್ಳೆಯ ಬದಿಯಲ್ಲೋ ಮುಖ್ಯ ಶ್ವಾಸನಾಳದಲ್ಲೋ ಇದ್ದರೆ ತೆಗೆಯಲೇಬೇಕು. ಸಕ್ಷನ್‌ಗೆ ಬಾರದ ಹೆಪ್ಪನ್ನು ಕ್ರಯೋಪ್ರೋಬಿಗೆ (ತುದಿ ಅತಿ ತಣ್ಣಗಾಗುವ ಸಲಾಕೆಗೆ) ಅಂಟಿಸಿ ಎಳೆಯಬಹುದು. ಒಡೆದ ನಾಳದ ಬಾಯಿಗೆ ಬಿರಡೆಯಾಗಿ ಕೂತ ಹೆಪ್ಪನ್ನು ಮಾತ್ರ ಚೊಕ್ಕಮಾಡುವ ಉತ್ಸಾಹದಲ್ಲಿ ಕೀಳಬೇಡಿ.

ಶಸ್ತ್ರಚಿಕಿತ್ಸೆ: ಶಾಶ್ವತ, ಆದರೆ ಯಾವಾಗ?

ರೋಗಪೀಡಿತ ಹಾಲೆಯನ್ನು ತೆಗೆದುಹಾಕಿದರೆ ಅಲ್ಲಿಂದ ರಕ್ತ ಮತ್ತೆ ಬರುವುದಿಲ್ಲ. ಎಂಬೊಲೈಸೇಶನ್ ಕೊಡಲಾಗದ ಲಾಭ ಇದು. ಬೆಲೆಯೂ ದೊಡ್ಡದು. ರಕ್ತ ಸುರಿಯುತ್ತಿರುವಾಗ ಮಾಡಿದ ಶಸ್ತ್ರಚಿಕಿತ್ಸೆಯಲ್ಲಿ ಸಾವಿನ ಪ್ರಮಾಣ ಯೋಜಿಸಿ ಮಾಡಿದ್ದಕ್ಕಿಂತ ಹಲವು ಪಟ್ಟು. ಹಳೆಯ ಕ್ಷಯದಲ್ಲಿ ಶ್ವಾಸಕೋಶ ಎದೆಗೋಡೆಗೆ ಅಂಟಿರುತ್ತದೆ, ಬಿಡಿಸುವಾಗಲೇ ವಿಪರೀತ ರಕ್ತ ಹೋಗುತ್ತದೆ. ಸೋಂಕಿದ್ದಾಗ ಹೊಲಿದ ಶ್ವಾಸನಾಳದ ಬುಡ ಬಿಚ್ಚಿಕೊಳ್ಳುವ ಭಯವೂ ಉಂಟು. ಎರಡೂ ಕಡೆ ಹರಡಿದ ಕಾಯಿಲೆ, ತೆಗೆಯಲಾಗದ ಕ್ಯಾನ್ಸರ್, ಶಸ್ತ್ರಚಿಕಿತ್ಸೆಯ ನಂತರ ಉಳಿಯುವ ಎಫ್‌ಇವಿ1 (ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ) ಸಹಜದ 40 ಶೇಕಡಾಕ್ಕಿಂತ ಕಡಿಮೆಯಾಗುವ ಅಂದಾಜು ಇದ್ದಾಗ ಈ ದಾರಿ ಬಹುತೇಕ ಮುಚ್ಚಿದಂತೆ. ರಕ್ತ ಬರುತ್ತಿರುವಾಗ ಜೋರಾಗಿ ಊದಿಸುವ ಪರೀಕ್ಷೆ ಮಾಡುವಂತಿಲ್ಲ, ಹಳೆಯ ವರದಿ ತರಿಸಿ.

ಹಾಗಾದರೆ ಸರಿಯಾದ ಜೋಡಿ ಯಾವುದು? ಎಂಬೊಲೈಸೇಶನ್‌ನಿಂದ ರಕ್ತ ನಿಲ್ಲಿಸಿ, ಒಳಗೆ ತುಂಬಿದ್ದು ತೆರವಾಗಿ, ಸೋಂಕಿಗೆ ಔಷಧ ಬಿದ್ದು, ರೋಗಿ ಚೇತರಿಸಿಕೊಂಡ ಮೇಲೆ ಯೋಜಿಸಿ ಶಸ್ತ್ರಚಿಕಿತ್ಸೆ. ಒಂದೇ ಹಾಲೆಯಲ್ಲಿ ಶಿಲೀಂಧ್ರದ ಉಂಡೆಯಿದ್ದು ಉಳಿದ ಶ್ವಾಸಕೋಶ ಗಟ್ಟಿಯಿರುವವರಿಗೆ ಇದನ್ನು ಮುಂದೂಡುತ್ತಾ ಹೋಗಬಾರದು. ನೇರವಾಗಿ ಶಸ್ತ್ರಚಿಕಿತ್ಸಕರನ್ನೇ ಮೊದಲು ಕರೆಯಬೇಕಾದ ಸಂದರ್ಭಗಳೆಂದರೆ ಎದೆಗೆ ಪೆಟ್ಟು, ಮಹಾಪಧಮನಿ ಉಬ್ಬಿ ಶ್ವಾಸನಾಳಕ್ಕೆ ಒಡೆದದ್ದು (ಇದಕ್ಕೆ ಒಳಗಿನಿಂದ ಸ್ಟೆಂಟ್ ಕೂಡ ಇದೆ), ಮತ್ತು ಕ್ಯಾತಿಟರ್‌ನಿಂದ ಮುಚ್ಚಲಾಗದ ಶ್ವಾಸಕೋಶದ ಅಪಧಮನಿಯ ಬಿರುಕು.

ಇವು ಯಾವುವೂ ಹೊಂದದ ರೋಗಿ

ಒಂದು ಜಾಗದಿಂದಲ್ಲ, ಎರಡೂ ಶ್ವಾಸಕೋಶದ ಗಾಳಿಚೀಲಗಳಿಂದ ಒಟ್ಟಾಗಿ ರಕ್ತ ಒಸರುವ ಕಾಯಿಲೆಗಳಿವೆ. ವ್ಯಾಸ್ಕ್ಯುಲೈಟಿಸ್ (ರಕ್ತನಾಳಗಳ ಉರಿಯೂತ), ರೋಗನಿರೋಧ ಶಕ್ತಿ ತನ್ನ ದೇಹಕ್ಕೇ ತಿರುಗಿಬೀಳುವ ಲೂಪಸ್, ಗುಡ್‌ಪಾಸ್ಚರ್ ಇಂಥವು. ಕೆಮ್ಮಿನಲ್ಲಿ ಬರುವ ರಕ್ತ ಕಡಿಮೆಯೇ ಇದ್ದು ಹಿಮೋಗ್ಲೋಬಿನ್ ಮಾತ್ರ ಇಳಿಯುತ್ತಿದ್ದರೆ, ಎಕ್ಸ್-ರೇಯಲ್ಲಿ ಎರಡೂ ಕಡೆ ಬಿಳಿ ಹರಡಿದ್ದರೆ, ಮೂತ್ರದಲ್ಲೂ ಕೆಂಪುಕಣಗಳಿದ್ದರೆ ಇದನ್ನು ಶಂಕಿಸಿ. ಇಲ್ಲಿ ಬ್ಲಾಕರ್, ಎಂಬೊಲೈಸೇಶನ್, ಶಸ್ತ್ರಚಿಕಿತ್ಸೆ ಯಾವುದೂ ನಡೆಯದು. ಮಿಥೈಲ್‌ಪ್ರೆಡ್ನಿಸೊಲೋನ್ ದಿನಕ್ಕೆ 500ರಿಂದ 1000 ಮಿ.ಗ್ರಾಂ. 3 ದಿನ, ಜೊತೆಗೆ ರೋಗನಿರೋಧ ತಗ್ಗಿಸುವ ಔಷಧ, ಗುಡ್‌ಪಾಸ್ಚರ್‌ನಲ್ಲಿ ಪ್ಲಾಸ್ಮಾ ಬದಲಾವಣೆ. ಹೃದಯದ ಮೈಟ್ರಲ್ ಕವಾಟ ಕಿರಿದಾಗಿ ರಕ್ತ ಬರುವವರಿಗೆ ಚಿಕಿತ್ಸೆ ಬೇಕಿರುವುದು ಕವಾಟಕ್ಕೆ.

ನಿಂತ ಮೇಲೆ, ಮತ್ತು ಮನೆಯಲ್ಲಿ

ರಕ್ತ ನಿಂತ ಮೇಲಿನ 2–3 ದಿನ ಐಸಿಯು ಮಟ್ಟದ ನಿಗಾ ಬೇಕು. ಎದೆ ತಟ್ಟಿ ಕಫ ತೆಗೆಯುವ ವ್ಯಾಯಾಮವನ್ನು ರಕ್ತ ಬರುವಾಗ ನಿಲ್ಲಿಸಿ, ತಿಳಿಯಾದ ಮೇಲೆ ಮೆಲ್ಲನೆ ಶುರುಮಾಡಿ. ಕ್ಷಯಕ್ಕೆ ಕ್ಷಯದ ಔಷಧ, ಬ್ರಾಂಕಿಯೆಕ್ಟಾಸಿಸ್‌ನ ಸೋಂಕಿಗೆ ಆಂಟಿಬಯೋಟಿಕ್ ಬೀಳದಿದ್ದರೆ ಮುಚ್ಚಿದ ನಾಳದ ಪಕ್ಕದಲ್ಲೇ ಇನ್ನೊಂದು ಬೆಳೆಯುತ್ತದೆ.

ಒಮ್ಮೆ ಹೀಗಾದವರ ಮನೆಯವರಿಗೆ: ಒಂದೆರಡು ಚಮಚಕ್ಕಿಂತ ಹೆಚ್ಚು ರಕ್ತ ಬಂದರೆ ಬೆಳಗಾಗಲಿ ಎಂದು ಕಾಯದೆ ಹೊರಡಿ. ದಾರಿಯುದ್ದಕ್ಕೂ ರಕ್ತ ಬರುವ ಬದಿ ಕೆಳಗಿರಲಿ. ರಕ್ತವನ್ನು ನುಂಗಬಾರದು, ಪಾತ್ರೆಯೊಂದರಲ್ಲಿ ಉಗುಳಿ ಅದನ್ನು ಜೊತೆಗೇ ತನ್ನಿ. ಏನನ್ನೂ ತಿನ್ನಿಸಬೇಡಿ, ಕುಡಿಸಬೇಡಿ, ಆಸ್ಪಿರಿನ್ ಮತ್ತು ನೋವಿನ ಮಾತ್ರೆ ಕೊಡಬೇಡಿ. ರೋಗಿಯ ಜೇಬಿನಲ್ಲಿ ಸದಾ ಒಂದು ಚೀಟಿ ಇರಲಿ: ಯಾವ ಬದಿ, ಯಾವ ಹಾಲೆ, ಎಂಬೊಲೈಸೇಶನ್ ಆದ ದಿನಾಂಕ, ಮುಚ್ಚಿದ ನಾಳಗಳು, ಬಳಸಿದ ವಸ್ತು, ಬೆನ್ನುಹುರಿಯ ಕವಲು ಕಂಡಿತ್ತೇ ಇಲ್ಲವೇ, ಈಗ ತೆಗೆದುಕೊಳ್ಳುತ್ತಿರುವ ಔಷಧಗಳು, ಕಾಂಟ್ರಾಸ್ಟ್ ಅಲರ್ಜಿ ಇದ್ದರೆ ಅದು. ಹಳೆಯ ಸಿಟಿಯ ಚಿತ್ರಗಳನ್ನು ಮೊಬೈಲಿನಲ್ಲೂ ಉಳಿಸಿಕೊಂಡಿರಿ.